ಅವರೆಕಾಳಿನಿಂದ ಜೀವಕೋಶದ ಬಾಗಿಲವರೆಗೆ: ಡಾ. ಕಮಲಾ ಸೋಹೋನಿ

ಅವರೆಕಾಳನ್ನು ಅರೆಬೆಂದದ್ದು ತಿನ್ನಬಾರದು, ಮೆತ್ತಗೆ ಬೇಯಿಸಿಯೇ ತಿನ್ನಬೇಕು ಎನ್ನುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ಹಸಿ ಕಾಳಿನಲ್ಲಿ ಅಂಥದ್ದೇನಿದೆ, ಬೇಯಿಸಿದರೆ ಅದು ಏನಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಹುಡುಕಿ, ಆ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ತೋರಿಸಿದ ತಂಡದ ಮುಂದಾಳು ಒಬ್ಬ ಹೆಣ್ಣುಮಗಳು. ಅವರೇ ಡಾ. ಕಮಲಾ ಸೋಹೋನಿ.

ನಮ್ಮ ಮಹಿಳಾ ವೇದಿಕೆಯ ಇ-ಸಂಚಿಕೆಗೆ ಒಬ್ಬ ಸಾಧಕಿಯ ಬಗ್ಗೆ ಬರೆದು ಕೊಡಿ ಎಂದು ಸಂಪಾದಕಿಯರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಇವರ ಹೆಸರೇ. ಅದಕ್ಕೆ ಎರಡು ಕಾರಣ. ನಮ್ಮ ಹಾಗೆಯೇ ಅವರ ಬದುಕೂ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡಕ್ಕೂ ಹಂಚಿಹೋಗಿತ್ತು. ಮನೆಮಾತು ಮರಾಠಿ, ಸಂಶೋಧನೆಯ ಮೊದಲ ಪಾಠ ಬೆಂಗಳೂರಿನಲ್ಲಿ. ಎರಡನೆಯದು, ಹನ್ನೊಂದನೇ ತರಗತಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು. ಜೀವಕೋಶದ ಪೊರೆಯ ಪಾಠ ಓದುತ್ತ ಅವಳು, ಈ ಪುಸ್ತಕದಲ್ಲಿರುವ ವಿಜ್ಞಾನಿಗಳೆಲ್ಲ ವಿದೇಶಿ ಗಂಡಸರೇ ಏಕೆ ಚಿಕ್ಕಮ್ಮಾ ಎಂದು ಕೇಳಿದ್ದಳು. ನಾನು ಎಂ.ಟೆಕ್ ಮುಗಿಸಿ ಐಟಿ ಕಂಪನಿ ಸೇರಿದವಳು, ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಅವಳಿಗಾಗಿ ಓದುತ್ತಾ ಹೋದಂತೆ ಕಮಲಾ ಅವರ ಕೆಲಸ ಮತ್ತೆ ಮತ್ತೆ ಆ ಪೊರೆಯ ಬಳಿಗೇ ಬಂದು ನಿಲ್ಲುವುದು ಕಂಡಿತು.

ರಸಾಯನಶಾಸ್ತ್ರದ ಮನೆ

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತವರುಮನೆಯ ಹೆಸರು ಭಾಗವತ್. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಓದಿದ್ದು ಬೆಂಗಳೂರಿನಲ್ಲಿ, ನಾವು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1909ರಲ್ಲಿ ಆರಂಭವಾದ ಆ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅವರೂ ಸೇರಿದ್ದರು. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮರಾಠಿಯ ದೊಡ್ಡ ಲೇಖಕಿ, ಜಾನಪದ ವಿದ್ವಾಂಸೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಎದೆಗುಂದದೆ ಮಾತಾಡಿದವರೆಂದು ಮಹಾರಾಷ್ಟ್ರ ಅವರನ್ನು ಇಂದಿಗೂ ನೆನೆಯುತ್ತದೆ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಅನಿಸಿದ್ದನ್ನು ಅಂಜದೆ ಹೇಳುವವರು.

1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಪದವಿ ಪಡೆದರು. ಅಂಕಗಳು ಬಹಳ ಚೆನ್ನಾಗಿದ್ದವು. ಅಪ್ಪ, ಚಿಕ್ಕಪ್ಪ ಓದಿದ ಸಂಸ್ಥೆಯಲ್ಲೇ ತಾನೂ ಸಂಶೋಧನೆ ಮಾಡಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದರು.

ಬೆಂಗಳೂರಿನ ಬಾಗಿಲು

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. 1930ರಲ್ಲಿ ನೊಬೆಲ್ ಪಡೆದಿದ್ದ, ದೇಶವೇ ತಲೆಯ ಮೇಲೆ ಹೊತ್ತುಕೊಂಡಿದ್ದ ಹೆಸರು. ಅವರಿಂದ ಬಂದ ಉತ್ತರ ಚಿಕ್ಕದು: ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ. ಸಂಶೋಧನೆ ಹೆಂಗಸರ ಕೈಲಾಗುವ ಕೆಲಸವಲ್ಲ ಎಂಬುದು ಆಗಿನ ಹಲವರ ನಂಬಿಕೆಯಾಗಿತ್ತು, ರಾಮನ್ ಅವರದೂ ಅದೇ ಆಗಿತ್ತು.

ಕಮಲಾ ಬೆಂಗಳೂರಿಗೇ ಬಂದರು. ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದರು. ನಿರ್ದೇಶಕರ ಕಚೇರಿಯ ಎದುರು ಸತ್ಯಾಗ್ರಹಕ್ಕೆ ಕುಳಿತರು. ಗಾಂಧೀಜಿಯ ಚಳವಳಿ ಮನೆಮನೆ ಮುಟ್ಟಿದ್ದ ದಿನಗಳು ಅವು. ಇಪ್ಪತ್ತೆರಡರ ಹುಡುಗಿ ಆ ಅಸ್ತ್ರವನ್ನು ಒಂದು ವಿಜ್ಞಾನ ಸಂಸ್ಥೆಯ ಮುಂದೆ ಹೂಡಿದರು.

ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಂದಿಗೆ. ಅವರನ್ನು ಖಾಯಂ ವಿದ್ಯಾರ್ಥಿನಿಯೆಂದು ಪರಿಗಣಿಸುವುದಿಲ್ಲ. ಮೊದಲ ವರ್ಷ ಪರೀಕ್ಷಾರ್ಥ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಅವರಿಂದಾಗಿ ಪ್ರಯೋಗಾಲಯದ ವಾತಾವರಣ ಕೆಡಬಾರದು. ಈ ಕೊನೆಯ ಷರತ್ತನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಖಾರ ಕಲಸಿದಂತಾಯಿತು. ಗಂಡುಮಕ್ಕಳ ಗಮನ ಚದುರಿದರೆ ಅದರ ಹೊಣೆಯೂ ಈಕೆಯದೇ! ಕಮಲಾ ಒಪ್ಪಿಕೊಂಡರು. ಆ ಅವಮಾನವನ್ನು ಮಾತ್ರ ಮರೆಯಲಿಲ್ಲ. ವೃದ್ಧಾಪ್ಯದಲ್ಲಿ ಮಹಿಳಾ ವಿಜ್ಞಾನಿಗಳ ನಡುವೆ ಮಾತಾಡುವಾಗಲೂ ಅದನ್ನು ನೇರವಾಗಿ ಹೇಳಿದರು.

ಮಾರ್ಗದರ್ಶಕರಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಶಿಸ್ತಿನ ಮನುಷ್ಯ, ಆದರೆ ಕಲಿಯುವವರಿಗೆ ಕೈಹಿಡಿದು ಕಲಿಸುವ ಗುರು. ಅವರ ಬಳಿ ಕಮಲಾ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಶುರುಮಾಡಿದರು. 1935ರಲ್ಲಿ ಬೇಳೆಕಾಳುಗಳ ಮೇಲಿನ ಇವರಿಬ್ಬರ ಪ್ರಬಂಧ ಇಂಗ್ಲೆಂಡಿನ ಬಯೋಕೆಮಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಭಾರತದ ಬಡವನ ತಟ್ಟೆಯಲ್ಲಿ ಪ್ರೋಟೀನ್ ಎಂದರೆ ಬೇಳೆಯೇ. ಅದನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡವರು ಆಗ ತೀರಾ ಕಡಿಮೆ. 1936ರಲ್ಲಿ ಎಂ.ಎಸ್ಸಿ. ಡಿಸ್ಟಿಂಕ್ಷನ್‌ನೊಂದಿಗೆ ಬಂತು.

ಅದಕ್ಕೂ ಮೊದಲೇ ಇನ್ನೊಂದು ಗೆಲುವು ಸಿಕ್ಕಿತ್ತು. ಒಂದು ವರ್ಷ ಕಮಲಾ ಅವರ ಕೆಲಸ ನೋಡಿದ ರಾಮನ್ ಮನಸ್ಸು ಬದಲಿಸಿದರು. ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಮುಂದೆ 1940ರಲ್ಲಿ ಅನ್ನಾ ಮಣಿ ಅವರು ಅದೇ ರಾಮನ್ ಅವರ ಪ್ರಯೋಗಾಲಯಕ್ಕೆ ಸೇರಿ, ದೇಶದ ಹೆಸರಾಂತ ಹವಾಮಾನ ವಿಜ್ಞಾನಿಯಾದರು. ನಮ್ಮ ಪುಣೆಯ ಹವಾಮಾನ ಇಲಾಖೆಯಲ್ಲೂ ಅವರು ಕೆಲಸ ಮಾಡಿದ್ದರು.

ಪೊರೆ ಎಂದರೆ ಏನು?

ಕಮಲಾ ಅವರ ಮುಂದಿನ ಕೆಲಸ ಅರ್ಥವಾಗಬೇಕಾದರೆ ಜೀವಕೋಶದ ಪೊರೆಯ ಬಗ್ಗೆ ನಾಲ್ಕು ಮಾತು ಬೇಕು. ಅಕ್ಕನ ಮಗಳಿಗೆ ಹೇಳಿದ ಹಾಗೆಯೇ ಹೇಳುತ್ತೇನೆ.

ಸಾರಿಗೆ ಒಗ್ಗರಣೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ. ನೀರು, ಎಣ್ಣೆ ಒಂದಕ್ಕೊಂದು ಸೇರುವುದಿಲ್ಲ. ಜೀವಕೋಶದ ಪೊರೆಯಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಗಳಿಗೆ ಆಗದು. ಇಂಥ ಅಣುಗಳನ್ನು ನೀರಿನಲ್ಲಿ ಬಿಟ್ಟರೆ ಅವು ತಾವಾಗಿಯೇ ಎರಡು ಸಾಲಾಗಿ ನಿಲ್ಲುತ್ತವೆ. ಬಾಲಗಳು ಒಳಮುಖವಾಗಿ ಎದುರುಬದುರು, ತಲೆಗಳು ಎರಡೂ ಕಡೆಯ ನೀರಿನತ್ತ. ಪೊರೆಯ ಮೂಲ ರಚನೆ ಇಷ್ಟೇ. ದಪ್ಪ ಸುಮಾರು 5 ನ್ಯಾನೋಮೀಟರ್. ಇಂಥ ಸುಮಾರು 20,000 ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಾವು ಬರೆಯುವ ಕಾಗದದ ಒಂದು ಹಾಳೆಯಷ್ಟು ದಪ್ಪವಾದೀತು.

ಪೊರೆಯಲ್ಲಿರುವುದು ಎರಡು ಪದರ ಎಂದು ಮೊದಲು ಲೆಕ್ಕ ಹಾಕಿದವರು ನೆದರ್ಲೆಂಡ್ಸಿನ ಗೋರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ಕೆಂಪು ರಕ್ತಕಣಗಳಿಂದ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿದಾಗ, ಅದು ಕಣಗಳ ಮೈಯ ಎರಡರಷ್ಟು ಜಾಗ ಮುಚ್ಚಿತು. ಹಾಗಾದರೆ ಪದರ ಎರಡಿರಬೇಕು!

ಈ ಕೊಬ್ಬು ಗಟ್ಟಿ ಗೋಡೆಯ ಹಾಗಿಲ್ಲ, ಎಣ್ಣೆಯ ಹಾಗೆ ಹರಿದಾಡುತ್ತದೆ. ಡಿಸೆಂಬರಿನ ಪುಣೆಯ ಚಳಿಗೆ ತುಪ್ಪ ಹೆಪ್ಪುಗಟ್ಟುತ್ತದೆ, ಶೇಂಗಾ ಎಣ್ಣೆ ಹೆಪ್ಪುಗಟ್ಟುವುದಿಲ್ಲ. ತುಪ್ಪದಲ್ಲಿ ಹೆಚ್ಚಾಗಿರುವ ಕೊಬ್ಬಿನ ಅಣುಗಳ ಬಾಲ ನೆಟ್ಟಗೆ, ಅವು ಒತ್ತೊತ್ತಾಗಿ ಕೂರುತ್ತವೆ. ಎಣ್ಣೆಯಲ್ಲಿ ಹೆಚ್ಚಿನ ಬಾಲಗಳು ಸೊಟ್ಟಗೆ, ಒತ್ತಾಗಿ ಕೂರಲು ಆಗುವುದಿಲ್ಲ. ಜೀವಕೋಶಗಳಿಗೂ ಈ ಉಪಾಯ ಗೊತ್ತು. ಚಳಿ ಬಂದಾಗ ಎಷ್ಟೋ ಗಿಡಗಳು, ಮೀನುಗಳು ಪೊರೆಯಲ್ಲಿ ಸೊಟ್ಟ ಬಾಲದ ಕೊಬ್ಬನ್ನು ಹೆಚ್ಚಿಸಿಕೊಂಡು ಪೊರೆ ಬಿರುಸಾಗದಂತೆ ನೋಡಿಕೊಳ್ಳುತ್ತವೆ. ನಾವು ಬೈಯುವ ಕೊಲೆಸ್ಟ್ರಾಲ್ ಕೂಡ ನಮ್ಮ ಪೊರೆಗಳಲ್ಲಿದ್ದು, ಅದು ತೀರಾ ಗಟ್ಟಿಯೂ ಆಗದಂತೆ ತೀರಾ ಸಡಿಲವೂ ಆಗದಂತೆ ಕಾಯುತ್ತದೆ.

ಬರೀ ಕೊಬ್ಬಿದ್ದರೆ ಪೊರೆ ಬಾಗಿಲಿಲ್ಲದ ಮನೆಯಾಗುತ್ತಿತ್ತು. ಬಾಗಿಲು, ಪಂಪು, ಕರೆಗಂಟೆ ಎಲ್ಲವೂ ಪ್ರೋಟೀನ್‌ಗಳು. ಕೆಲವು ಪೊರೆಯ ಈಚೆಯಿಂದ ಆಚೆಗೆ ತೂರಿ ನಿಂತಿರುತ್ತವೆ, ಕೆಲವು ಮೇಲ್ಮೈಗೆ ಅಂಟಿಕೊಂಡಿರುತ್ತವೆ. ಒಂದು ಪಂಪು ಮೂರು ಸೋಡಿಯಂ ಕಣಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ನರಗಳು ಸುದ್ದಿ ಸಾಗಿಸುವುದು ಇದರ ಬಲದಿಂದ. ಇನ್ಸುಲಿನ್ ಬಂದು ತಟ್ಟುವುದು ಇನ್ನೊಂದು ಪ್ರೋಟೀನಿನ ಕದ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಇದು ಆಕ್ಸೆಸ್ ಕಂಟ್ರೋಲ್. ಯಾರು ಒಳಗೆ, ಯಾರು ಹೊರಗೆ, ಯಾವಾಗ ಎಂಬುದೆಲ್ಲ ಇಲ್ಲೇ ತೀರ್ಮಾನ. ಕೊಬ್ಬಿನ ಕೊಳದಲ್ಲಿ ಪ್ರೋಟೀನ್‌ಗಳು ತೇಲಾಡುವ ಈ ಚಿತ್ರವನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಕೊಟ್ಟರು. ಪಠ್ಯಪುಸ್ತಕಗಳಲ್ಲಿ ಇಂದಿಗೂ ಇರುವುದು ಅದೇ.

ಪೊರೆ ಹರಿದರೆ ಏನಾಗುತ್ತದೆ ಎಂದು ತಿಳಿಯಲು ನಮ್ಮ ಕಾತ್ರಜದ ಹಾವುಗಳ ಉದ್ಯಾನದ ಕಡೆ ನೋಡಿದರೆ ಸಾಕು. ಕೊಳಕುಮಂಡಲದ ವಿಷದಲ್ಲಿ ಫಾಸ್ಫೋಲೈಪೇಸ್ ಎಂಬ ಕಿಣ್ವ ಇದೆ. ಅದು ಪೊರೆಯ ಫಾಸ್ಫೋಲಿಪಿಡ್‌ನ ಎರಡು ಬಾಲಗಳಲ್ಲಿ ಒಂದನ್ನು ಕತ್ತರಿಸಿ ಹಾಕುತ್ತದೆ. ಕಚ್ಚಿದ ಜಾಗದ ಮಾಂಸ ಕೊಳೆಯುವುದಕ್ಕೆ ಇದೂ ಒಂದು ಕಾರಣ.

ಕೇಂಬ್ರಿಡ್ಜಿನಲ್ಲಿ ಆಲೂಗಡ್ಡೆ

1937ರಲ್ಲಿ ಕಮಲಾ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಡ್ಜಿನ ನ್ಯೂನ್‌ಹ್ಯಾಮ್ ಕಾಲೇಜು ಸೇರಿದರು. ಅದು ಹೆಣ್ಣುಮಕ್ಕಳ ಕಾಲೇಜು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ವಿಟಮಿನ್‌ಗಳ ಕೆಲಸಕ್ಕಾಗಿ 1929ರಲ್ಲಿ ನೊಬೆಲ್ ಪಡೆದ ಫ್ರೆಡರಿಕ್ ಹಾಪ್ಕಿನ್ಸ್. ಪ್ರಯೋಗಾಲಯದಲ್ಲಿ ಜಾಗವಿರಲಿಲ್ಲ. ಆಗ ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ಹಗಲು ತಮ್ಮ ಮೇಜನ್ನು ಕಮಲಾ ಅವರಿಗೆ ಬಿಟ್ಟುಕೊಟ್ಟು ತಾವು ರಾತ್ರಿ ಕೆಲಸ ಮಾಡುವುದಾಗಿ ಮುಂದೆ ಬಂದರೆಂದು ಕಮಲಾ ಅವರ ಜೀವನ ಬರೆದವರು ಹೇಳುತ್ತಾರೆ. ಬೆಂಗಳೂರಿನ ರಾತ್ರಿಯ ಷರತ್ತನ್ನು ಓದಿದ ಮೇಲೆ ಈ ಕಥೆ ಓದಿದರೆ ಮನಸ್ಸಿಗೆ ತಂಪು.

ರಿಕ್ಟರ್ ಮತ್ತು ಬ್ಲಾಷ್ಕೊ ಅವರ ಜೊತೆ ಕಮಲಾ ಅಮೈನ್ ಆಕ್ಸಿಡೇಸ್ ಎಂಬ ಕಿಣ್ವದ ಮೇಲೆ ಕೆಲಸ ಮಾಡಿದರು. ಮಿದುಳಿನ ಸಂದೇಶವಾಹಕ ರಾಸಾಯನಿಕಗಳನ್ನು ಒಡೆಯುವ ಕಿಣ್ವ ಇದು. ಖಿನ್ನತೆಗೆ ಕೊಡುವ ಒಂದು ಬಗೆಯ ಔಷಧಿಗಳು ಮುಂದೆ ಇದನ್ನೇ ಗುರಿಯಾಗಿಟ್ಟುಕೊಂಡು ಬಂದವು. ಈ ಕಿಣ್ವ ಕೂತಿರುವುದು ಮೈಟೋಕಾಂಡ್ರಿಯಾ ಎಂಬ ಕಣಾಂಗದ ಹೊರಪೊರೆಯಲ್ಲಿ ಎಂದು ಬಹಳ ವರ್ಷಗಳ ನಂತರ ಗೊತ್ತಾಯಿತು.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾ ಸೇರಿದ್ದು ಸಸ್ಯಗಳ ಜೀವರಸಾಯನದ ದೊಡ್ಡ ವಿಜ್ಞಾನಿ ರಾಬಿನ್ ಹಿಲ್ ಅವರನ್ನು. ಅಲ್ಲಿ ಅವರ ಕೈಗೆ ಬಂದದ್ದು ಆಲೂಗಡ್ಡೆ. ಪ್ರಾಣಿಗಳ ಜೀವಕೋಶ ಉಸಿರಾಡುವಾಗ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಕೆಲಸ ಮಾಡುತ್ತದೆ ಎಂಬುದು ಅಷ್ಟರಲ್ಲಿ ತಿಳಿದಿತ್ತು. ಸಸ್ಯಗಳಲ್ಲಿ? ಕಮಲಾ ಆಲೂಗಡ್ಡೆಯಿಂದ ಹಿಡಿದು ಸಸ್ಯಗಳ ಅಂಗಾಂಶಗಳನ್ನು ಪರೀಕ್ಷಿಸಿ, ಸಸ್ಯಕೋಶಗಳ ಉಸಿರಾಟದಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದರು. ಅಂದರೆ ನಾವು ಉಸಿರಾಡುವ ಬಗೆಗೂ ಆಲೂಗಡ್ಡೆ ಉಸಿರಾಡುವ ಬಗೆಗೂ ಬೇರು ಒಂದೇ.

ಸೈಟೋಕ್ರೋಮ್ ಸಿ ಪುಟ್ಟ ಪ್ರೋಟೀನ್. ನಮ್ಮ ದೇಹದಲ್ಲಿ ಅದು 104 ಅಮೈನೋ ಆಮ್ಲಗಳ ಸರ, ನಡುವೆ ಕಬ್ಬಿಣವಿರುವ ಒಂದು ತುಣುಕು. ಅದರ ಜಾಗ ಮೈಟೋಕಾಂಡ್ರಿಯಾದ ಒಳಪೊರೆಯ ಮೇಲ್ಮೈ. ಆ ಪೊರೆಯಲ್ಲಿ ಮಾತ್ರ ಹೇರಳವಾಗಿರುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬು ಅದನ್ನು ಸಡಿಲವಾಗಿ ಹಿಡಿದುಕೊಂಡಿರುತ್ತದೆ. ಪೊರೆಯಲ್ಲಿ ಹೂತಿರುವ ಒಂದು ದೊಡ್ಡ ಪ್ರೋಟೀನ್ ಕೂಟದಿಂದ ಇಲೆಕ್ಟ್ರಾನನ್ನು ಎತ್ತಿಕೊಂಡು ಇನ್ನೊಂದು ಕೂಟಕ್ಕೆ ಮುಟ್ಟಿಸುವುದು ಇದರ ಕೆಲಸ. ಕಡೆಗೆ ಆ ಇಲೆಕ್ಟ್ರಾನ್ ನಾವು ಮೂಗಿನಿಂದ ಎಳೆದುಕೊಂಡ ಆಮ್ಲಜನಕವನ್ನು ಸೇರುತ್ತದೆ. ಈ ಓಡಾಟದ ಬಲದಿಂದ ಪೊರೆಯ ಒಂದು ಬದಿಯಲ್ಲಿ ಪ್ರೋಟಾನ್‌ಗಳು ತುಂಬಿಕೊಳ್ಳುತ್ತವೆ, ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ. ಆ ಒತ್ತಡದಿಂದಲೇ ದೇಹದ ಶಕ್ತಿಯ ನಾಣ್ಯವಾದ ಎಟಿಪಿ ತಯಾರಾಗುತ್ತದೆ. ಇದನ್ನು 1961ರಲ್ಲಿ ವಿವರಿಸಿದ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಂತು.

ಕೊಬ್ಬು ಮತ್ತು ಪ್ರೋಟೀನಿನ ಪಾಲು ಎಲ್ಲ ಪೊರೆಗಳಲ್ಲೂ ಒಂದೇ ಅಲ್ಲ. ನರಗಳ ಸುತ್ತ ಇನ್ಸುಲೇಷನ್ ಟೇಪಿನಂತೆ ಸುತ್ತಿಕೊಂಡ ಪೊರೆಯಲ್ಲಿ ಕೊಬ್ಬೇ ಹೆಚ್ಚು, ಪ್ರೋಟೀನ್ ಸುಮಾರು ಐದನೇ ಒಂದು ಭಾಗ. ದಿನವಿಡೀ ದುಡಿಯುವ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ತೂಕದ ಸುಮಾರು ಮುಕ್ಕಾಲು ಪಾಲು ಪ್ರೋಟೀನ್. ಎಲ್ಲಿ ಕೆಲಸ ಹೆಚ್ಚೋ ಅಲ್ಲಿ ಪ್ರೋಟೀನ್ ಹೆಚ್ಚು.

ನನಗೆ ಅಚ್ಚರಿ ತಂದದ್ದು ಇಸವಿಗಳು. ಮೈಟೋಕಾಂಡ್ರಿಯಾದ ಒಳಪೊರೆಯ ಮಡಿಕೆಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1950ರ ದಶಕದಲ್ಲಿ. ಕಮಲಾ ಸೈಟೋಕ್ರೋಮನ್ನು ಹುಡುಕುತ್ತಿದ್ದುದು 1938-39ರಲ್ಲಿ. ಅದು ಕೂರುವ ಮನೆಯನ್ನು ಯಾರೂ ಇನ್ನೂ ಕಣ್ಣಾರೆ ಕಂಡಿರಲಿಲ್ಲ. ಬಣ್ಣದ ಗೆರೆ, ಆಮ್ಲಜನಕದ ಅಳತೆ, ತಾಳ್ಮೆಯ ಲೆಕ್ಕ, ಇವಿಷ್ಟನ್ನೇ ನಂಬಿ ಆ ಕಾಲದವರು ಮುಂದೆ ಹೋದರು.

ಹದಿನಾಲ್ಕು ತಿಂಗಳಲ್ಲಿ ಪ್ರಬಂಧ ಮುಗಿಯಿತು. ಬರೀ 40 ಪುಟ. 1939ರಲ್ಲಿ ಕೇಂಬ್ರಿಡ್ಜ್ ಅವರಿಗೆ ಪಿಎಚ್.ಡಿ. ಕೊಟ್ಟಿತು. ಕೇರಳದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್ನಿನಿಂದ ಡಿ.ಎಸ್ಸಿ. ಪಡೆದಿದ್ದರು, ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯೆಂದು ಕಮಲಾ ಅವರನ್ನು ಗುರುತಿಸುತ್ತಾರೆ.

ಮರಳಿ ತಾಯ್ನಾಡಿಗೆ

1939ರಲ್ಲೇ ಕಮಲಾ ಭಾರತಕ್ಕೆ ಮರಳಿದರು. ಮೊದಲು ದೆಹಲಿಯ ಲೇಡಿ ಹಾರ್ಡಿಂಜ್ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಹೊಸ ಜೀವರಸಾಯನ ವಿಭಾಗದ ಮುಖ್ಯಸ್ಥೆ. ನಂತರ ನೀಲಗಿರಿಯ ಕೂನೂರಿನ ಪೌಷ್ಟಿಕತೆ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿ, ಅಲ್ಲಿ ವಿಟಮಿನ್‌ಗಳ ಕೆಲಸ. ಆ ಸಂಶೋಧನಾಲಯವೇ ಮುಂದೆ 1958ರಲ್ಲಿ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

1947ರಲ್ಲಿ ಎಂ. ವಿ. ಸೋಹೋನಿ ಅವರೊಂದಿಗೆ ಮದುವೆ. ಅವರು ವಿಮಾ ಲೆಕ್ಕಶಾಸ್ತ್ರ ತಜ್ಞರು. ಕಮಲಾ ಮುಂಬಯಿಗೆ ಬಂದು ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗದ ಪ್ರಾಧ್ಯಾಪಕಿಯಾದರು. ಎರಡು ಗಂಡುಮಕ್ಕಳ ತಾಯಿಯೂ ಆದರು. ಅಲ್ಲಿ ವಿದ್ಯಾರ್ಥಿಗಳ ಒಂದು ತಂಡ ಕಟ್ಟಿ, ಬೆಂಗಳೂರಿನಲ್ಲಿ ಬಿಟ್ಟಿದ್ದ ಎಳೆಯನ್ನು ಮತ್ತೆ ಹಿಡಿದರು. ಅದೇ ಬೇಳೆಕಾಳು.

ಅವರೆಕಾಳಿನ ಗುಟ್ಟು

ನಾವು ತಿಂದ ಪ್ರೋಟೀನನ್ನು ಕರುಳಿನಲ್ಲಿ ತುಂಡರಿಸುವ ಮುಖ್ಯ ಕತ್ತರಿ ಟ್ರಿಪ್ಸಿನ್ ಎಂಬ ಕಿಣ್ವ. ಹಸಿ ಕಾಳುಗಳಲ್ಲಿ ಈ ಕತ್ತರಿಯ ಬಾಯಿ ಕಟ್ಟುವ ಪ್ರೋಟೀನ್‌ಗಳಿವೆ. ಕೀಟ, ಪ್ರಾಣಿಗಳಿಂದ ಬೀಜವನ್ನು ಕಾಪಾಡಿಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು ಇದು. ಕಮಲಾ ಮತ್ತು ಅವರ ಸಹೋದ್ಯೋಗಿ ಕೆ. ಎಸ್. ಅಂಬೆ ಅವರೆಕಾಳು ಮತ್ತು ಡಬಲ್ ಬೀನ್ಸ್‌ನಿಂದ ಇಂಥ ಪ್ರೋಟೀನನ್ನು ಹರಳುಗಳಾಗಿ ಬೇರ್ಪಡಿಸಿದರು. ಅದು 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಅವರೆಕಾಳು ಲಂಡನ್ನಿನ ನೇಚರ್ ಪತ್ರಿಕೆ ಸೇರಿದ ಬಗೆ ಇದು!

ಇನ್ನೊಂದು ಗುಟ್ಟು ನೇರವಾಗಿ ಪೊರೆಗೆ ಸೇರಿದ್ದು. ಹಸಿ ಅವರೆಯ ರಸವನ್ನು ರಕ್ತಕ್ಕೆ ಬೆರೆಸಿದರೆ ಕೆಂಪು ಕಣಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಕಾರಣ, ಕಾಳಿನಲ್ಲಿರುವ ಹೀಮಗ್ಲೂಟಿನಿನ್ ಎಂಬ ಪ್ರೋಟೀನ್. ಈಗ ಅದನ್ನು ಲೆಕ್ಟಿನ್ ಎನ್ನುತ್ತಾರೆ. ಜೀವಕೋಶದ ಪೊರೆಯ ಹೊರಮೈಯಲ್ಲಿರುವ ಪ್ರೋಟೀನ್ ಮತ್ತು ಲಿಪಿಡ್‌ಗಳಿಗೆ ಸಕ್ಕರೆಯ ಪುಟ್ಟ ಕೊಂಬೆಗಳು ಅಂಟಿಕೊಂಡಿರುತ್ತವೆ. ನಮ್ಮ ರಕ್ತದ ಗುಂಪು ಎ, ಬಿ, ಓ ಎಂದು ತೀರ್ಮಾನವಾಗುವುದೂ ಇಂಥ ಕೊಂಬೆಗಳಿಂದಲೇ. ಲೆಕ್ಟಿನ್‌ಗೆ ಒಂದಕ್ಕಿಂತ ಹೆಚ್ಚು ಕೈ. ಒಂದು ಕೈಯಿಂದ ಒಂದು ಕಣದ ಕೊಂಬೆ, ಇನ್ನೊಂದು ಕೈಯಿಂದ ಪಕ್ಕದ ಕಣದ ಕೊಂಬೆ ಹಿಡಿದುಬಿಟ್ಟರೆ ಎರಡೂ ಸೆರೆ. ಕಮಲಾ ಅವರ ತಂಡ ಅವರೆಯ ಈ ಪ್ರೋಟೀನನ್ನು ಶುದ್ಧೀಕರಿಸಿ, ಅದರ ಗುಣಗಳನ್ನು 1965ರಲ್ಲಿ ವರದಿ ಮಾಡಿತು. ಸಿಂಗರ್ ಮತ್ತು ನಿಕೋಲ್ಸನ್ ಚಿತ್ರ ಬರುವುದಕ್ಕೆ ಇನ್ನೂ ಏಳು ವರ್ಷ ಇತ್ತು.

ಅರೆಬೆಂದ ಕಾಳಿನ ಇಂಥ ಪ್ರೋಟೀನ್‌ಗಳು ಕರುಳಿನ ಗೋಡೆಯ ಕೋಶಗಳ ಪೊರೆಯನ್ನೂ ಹಿಡಿಯಬಲ್ಲವು. ಸರಿಯಾಗಿ ಬೇಯದ ರಾಜ್ಮಾ ತಿಂದು ವಾಂತಿ, ಭೇದಿ ಆಗುವುದು ಇದರಿಂದಲೇ. ಕುದಿಯುವ ನೀರಿನಲ್ಲಿ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ, ಆಕಾರ ಕೆಟ್ಟ ಮೇಲೆ ಅದಕ್ಕೆ ಹಿಡಿಯುವ ಕೈಯೇ ಉಳಿಯುವುದಿಲ್ಲ. ಆದ್ದರಿಂದ ಗೆಳತಿಯರೇ, ಅವರೆ, ರಾಜ್ಮಾ, ಡಬಲ್ ಬೀನ್ಸ್ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಇಲ್ಲಿನ ಮಂಡಿಯಲ್ಲಿ ಪಾವಟಾ, ವಾಲ್ ಎಂದು ಸಿಗುವುದೂ ಅವರೆಯ ಬಗೆಗಳೇ.

ಹಾಲು ಮತ್ತು ನೀರಾ

ಮುಂಬಯಿಯ ಆರೇ ಹಾಲಿನ ಯೋಜನೆಗೆ ಹಾಲಿನ ಗುಣಮಟ್ಟದ ವಿಷಯದಲ್ಲಿ ಸಲಹೆ ಕೊಟ್ಟವರೂ ಕಮಲಾ. ಕಾತ್ರಜ ಎಂದರೆ ಪುಣೆಯವರಿಗೆ ಮೊದಲು ನೆನಪಾಗುವುದು ಹಾಲಿನ ಪ್ಯಾಕೆಟ್, ಹಾಗಾಗಿ ಹಾಲಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಹಾಲಿನ ಕೊಬ್ಬು ನೀರಿನಲ್ಲಿ ಬೇರೆಯಾಗಿ ಎಣ್ಣೆಯಂತೆ ತೇಲದಿರುವುದಕ್ಕೂ ಪೊರೆಯೇ ಕಾರಣ. ಪ್ರತಿಯೊಂದು ಕೊಬ್ಬಿನ ಹನಿ ಕೆಚ್ಚಲಿನ ಜೀವಕೋಶದಿಂದ ಹೊರಬರುವಾಗ ಆ ಕೋಶದ ಪೊರೆಯನ್ನೇ ಸುತ್ತಿಕೊಂಡು ಬರುತ್ತದೆ. ಫಾಸ್ಫೋಲಿಪಿಡ್, ಪ್ರೋಟೀನ್ ಎರಡೂ ಅದರಲ್ಲಿರುತ್ತವೆ. ನಮ್ಮ ತಾಯಂದಿರು ಕಡೆಗೋಲು ಹಿಡಿದು ಮೊಸರು ಕಡೆಯುವಾಗ ಆಗುವುದು ಈ ಪೊರೆ ಹರಿಯುವ ಕೆಲಸ. ಪೊರೆ ಹರಿದ ಹನಿಗಳು ಒಂದಕ್ಕೊಂದು ಕೂಡಿಕೊಂಡು ಬೆಣ್ಣೆಯ ಮುದ್ದೆಯಾಗುತ್ತವೆ. ಉಳಿದ ಮಜ್ಜಿಗೆಯಲ್ಲಿ ಆ ಪೊರೆಯ ಚೂರುಗಳು ಇರುತ್ತವೆ.

ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯ ಮೇರೆಗೆ ಕಮಲಾ ಕೈಗೆತ್ತಿಕೊಂಡದ್ದು ನೀರಾ, ತಾಳೆಯ ಜಾತಿಯ ಮರಗಳಿಂದ ಇಳಿಸುವ, ಹುಳಿಯುವ ಮೊದಲಿನ ಸಿಹಿ ರಸ. ಅದರಲ್ಲಿ ಸಿ ವಿಟಮಿನ್, ಕಬ್ಬಿಣ ಮೊದಲಾದವು ಇರುವುದನ್ನು ಅವರ ತಂಡ ತೋರಿಸಿತು. ಆದಿವಾಸಿ ಸಮುದಾಯದ ಸೊರಗಿದ ಮಕ್ಕಳಿಗೆ, ಗರ್ಭಿಣಿಯರಿಗೆ ನೀರಾ ಕೊಟ್ಟಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಕೇಂಬ್ರಿಡ್ಜಿನಲ್ಲಿ ಕಲಿತ ಅಳತೆಯ ಶಿಸ್ತು ಹೀಗೆ ಬಡ ತಾಯಂದಿರ ಲೋಟದವರೆಗೆ ಬಂದು ಮುಟ್ಟಿತು.

ಮತ್ತೊಮ್ಮೆ ಹೊಸಿಲಲ್ಲಿ

ಇಷ್ಟೆಲ್ಲ ಆದ ಮೇಲೂ, ಅದೇ ಮುಂಬಯಿ ಸಂಸ್ಥೆಯ ನಿರ್ದೇಶಕಿಯಾಗಲು ಅರ್ಹತೆ, ಹಿರಿತನ ಎರಡೂ ಇದ್ದಾಗ, ಅವರು ನಾಲ್ಕು ವರ್ಷ ಕಾಯಬೇಕಾಯಿತು. ಹೆಣ್ಣು ಎಂಬ ಕಾರಣಕ್ಕೇ ಆ ತಡ ಎಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಕೊನೆಗೆ ನಿರ್ದೇಶಕಿಯಾದರು. 1933ರ ಬಾಗಿಲಿನಲ್ಲಿ ಎದುರಿಗೆ ಒಬ್ಬ ವ್ಯಕ್ತಿಯಿದ್ದರು, ಎದುರಿಗೇ ಕೂತು ಕೇಳಬಹುದಿತ್ತು. ಈ ಬಾರಿ ಬಾಗಿಲು ಹಾಕಿದವರ ಮುಖವೇ ಕಾಣುತ್ತಿರಲಿಲ್ಲ, ಕಡತಗಳು ಸುಮ್ಮನೆ ಓಡಾಡುತ್ತಿದ್ದವು.

ಈ ಭಾಗ ಓದುವಾಗ ನನ್ನ ಮೊದಲ ಕೆಲಸದ ಸಂದರ್ಶನ ನೆನಪಾಯಿತು. ತಾಂತ್ರಿಕ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಮದುವೆ ಯಾವಾಗ, ಆಮೇಲೆ ರಾತ್ರಿ ಪಾಳಿಗೆ ಮನೆಯವರು ಬಿಡುತ್ತಾರಾ ಎಂದು ಕೇಳಿದ್ದರು. ಜೊತೆಗೆ ಬಂದಿದ್ದ ಹುಡುಗರಿಗೆ ಯಾರೂ ಹಾಗೆ ಕೇಳಲಿಲ್ಲ. ನಮ್ಮ ವೇದಿಕೆಯಲ್ಲಿ ಎಷ್ಟೋ ಜನ ಇದೇ ಪ್ರಶ್ನೆಗೆ ಉತ್ತರಿಸಿಯೇ ಕೆಲಸಕ್ಕೆ ಸೇರಿದವರು. ಹೆರಿಗೆ ರಜೆ ಮುಗಿಸಿ ಬಂದಾಗ ತಮ್ಮ ಪ್ರಾಜೆಕ್ಟ್ ಬೇರೆಯವರ ಪಾಲಾಗಿದ್ದನ್ನು ಕಂಡವರೂ ಇದ್ದಾರೆ. ತೊಂಬತ್ತು ವರ್ಷದ ಹಿಂದಿನ ಷರತ್ತು ಈಗ ಕಾಗದದ ಮೇಲಿಲ್ಲ, ಪ್ರಶ್ನೆಯ ವೇಷ ತೊಟ್ಟು ಬರುತ್ತದೆ.

ನಿವೃತ್ತಿಯ ನಂತರ ಕಮಲಾ ಮನೆಯಲ್ಲಿ ಕೂರಲಿಲ್ಲ. 1966ರಲ್ಲಿ ಒಂಬತ್ತು ಮಹಿಳೆಯರು ಸೇರಿ ಮುಂಬಯಿಯಲ್ಲಿ ಕಟ್ಟಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾದಲ್ಲಿ ದುಡಿದು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಅವರ ಪತ್ರಿಕೆ ಕೀಮತ್‌ಗೆ ಆಹಾರದ ಕಲಬೆರಕೆ, ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆದರು. ಜೀವಕೋಶದ ಉಸಿರಾಟ ಅಳೆದ ಕೈ ಈಗ ಅಂಗಡಿಯ ಎಣ್ಣೆ, ಹಾಲು, ಬೇಳೆಯತ್ತ ಹೊರಳಿತ್ತು.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಅವರಿಗೆ ಸನ್ಮಾನ ಏರ್ಪಡಿ‌ಸಿತು. ಆ ಸಮಾರಂಭದಲ್ಲೇ ಅವರು ಕುಸಿದುಬಿದ್ದರು. ಕೆಲವೇ ಸಮಯದಲ್ಲಿ, ಜೂನ್ 28ರಂದು, ತೀರಿಕೊಂಡರು. ಅವರ ಹೆಸರು ಹೊಸ ಪೀಳಿಗೆಗೆ ತಲುಪಿದ್ದು 2023ರ ಜೂನ್ 18ರಂದು, 112ನೇ ಜನ್ಮದಿನಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ.

ಜೀವಕೋಶದ ಪೊರೆ ಪೂರ್ತಿ ಮುಚ್ಚಿಕೊಂಡರೆ ಕೋಶ ಸಾಯುತ್ತದೆ, ಪೂರ್ತಿ ತೆರೆದುಕೊಂಡರೂ ಸಾಯುತ್ತದೆ. ಬೇಕಾದ್ದನ್ನು ಗುರುತಿಸಿ ಒಳಗೆ ಕರೆದುಕೊಳ್ಳುವ ಬಾಗಿಲುಗಳಿದ್ದರೆ ಮಾತ್ರ ಅದು ಬದುಕುತ್ತದೆ. ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ ಎಂದು ನನಗನಿಸುತ್ತದೆ. 1933ರಲ್ಲಿ ಬೆಂಗಳೂರಿನ ಆ ಬಾಗಿಲು ಮುಚ್ಚಿಯೇ ಇದ್ದಿದ್ದರೆ ಕಮಲಾ ಅವರಿಗೆ ಎಷ್ಟು ನಷ್ಟವೋ, ಸಂಸ್ಥೆಗೂ ದೇಶಕ್ಕೂ ಅಷ್ಟೇ ನಷ್ಟ. ಅವರು ಒಳಗೆ ಹೋದ ಮೇಲೆ ಬಾಗಿಲನ್ನು ತಮ್ಮ ಹಿಂದೆ ಮುಚ್ಚಲಿಲ್ಲ.

ನಮ್ಮಲ್ಲಿ ಹಲವರು ಈಗ ತಂಡಗಳ ಮುಖ್ಯಸ್ಥೆಯರು, ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಕೂರುವವರು. ಮುಂದಿನ ಸಲ ಒಬ್ಬ ಹುಡುಗಿ ಎದುರಿಗೆ ಬಂದು ಕೂತಾಗ ಅವಳ ಕೆಲಸದ ಬಗ್ಗೆ ಮಾತ್ರ ಕೇಳೋಣ. ಈ ಚಳಿಗಾಲದಲ್ಲಿ ಅವರೆಕಾಳು ಬಂದಾಗ, ಮನೆಯ ಮಕ್ಕಳಿಗೆ ಕಾಳು ಸುಲಿಯುತ್ತಾ ಕಮಲಾ ಅವರ ಕಥೆ ಹೇಳೋಣ.